ಗೇರ್ ಬಾಕ್ಸಿನೊಳಗಿನ ಕೆಮ್ಮು

ರಾಯಚೂರಿನಲ್ಲಿ ಆಟೋಮ್ಯಾಟಿಕ್ ಕಾರು ರಿಪೇರಿ ಮಾಡುವವನ ಬಳಿಗೆ ಕೆಟ್ಟ ಗಾಡಿಗಳು ಬರಬೇಕು. ನನ್ನ ಗ್ಯಾರೇಜಿಗೆ ಆಗಾಗ ದೆವ್ವಗಳೂ ಬರುತ್ತವೆ. ಬಂದದ್ದಕ್ಕೆ ಬಾಗಿಲು ಹಾಕಲಾದೀತೇ?

ಕಲ್ಲೂರು ದಾಟಿದ ಮೇಲೆ

ಮಾನ್ವಿಯ ಅಕ್ಕಿ ಗಿರಣಿ ಸಾವಕಾರರು ತೀರಿಹೋದ ತಂದೆಯ ಕಾರು ತಂದರು.

"ನಮ್ಮಪ್ಪಾರು ಇದರಾಗ ಅದಾರ್ರೀ. ಕಲ್ಲೂರು ದಾಟಿದ್ರ ಸಾಕು, ಕೆಮ್ತಾರ."

ನಾನು ನಗುತ್ತಲೇ ಅವರ ಜೊತೆ ಹೊರಟೆ. ಕಲ್ಲೂರು ದಾಟಿತು. ಕಾರು ಗಡಗಡ ನಡುಗಿ, ಖೊಕ್ ಖೊಕ್ ಎಂದಿತು. ಥೇಟ್ ಮುದುಕರ ಕೆಮ್ಮು. ನನ್ನ ನಗು ಅಲ್ಲೇ ಇಳಿದುಹೋಯಿತು.

ಗೇರ್ ಎಣ್ಣೆ ನೋಡಿದೆ. ಕೆಂಪಗಿರಬೇಕಾದದ್ದು ಕಾಡಿಗೆಯಂತಾಗಿತ್ತು.

"ಎಣ್ಣಿ ಹಳೇದಾಗ್ಯಾದ. ಕಾದ ಕೂಡ್ಲೇ ಗಾಡಿ ನಡುಗ್ತದ. ಬದಲಿಸೂಣ್ರಿ."

"ಆಯುಷ್ಯಪೂರ್ತಿ ಬರೂ ಎಣ್ಣಿ ಅಂತ ಮಾರಿದವ್ರು ಹೇಳ್ಯಾರಲ್ರೀ."

"ಯಾರ ಆಯುಷ್ಯ ಸಾವಕಾರ್ರೇ? ಅಪ್ಪಾರದು ಮುಗದದ."

ಹೂವಿನ ಅಪ್ಪಣೆ

ಎಣ್ಣೆಯ ಜೊತೆ ಅಪ್ಪನೂ ಹೋಗಿಬಿಟ್ಟರೆ? ಸಾವಕಾರರಿಗೆ ಅದೇ ಭಯ. ದೇವದುರ್ಗದ ಬೀಗರು ಬೇರೆ, "ಹಳೇ ಗಾಡಿಗೆ ಹೊಸ ಎಣ್ಣಿ ಹಾಕಿದ್ರ ಗೇರ್ ಬಾಕ್ಸೇ ಹೋಗ್ತದ" ಎಂದು ಹೆದರಿಸಿದ್ದರು. ಎಣ್ಣೆ ಸೀದುಹೋಗಿದ್ದರೆ ಆ ಮಾತಿನಲ್ಲಿ ಸತ್ಯವಿರುತ್ತಿತ್ತು. ಇದರಲ್ಲಿ ಇನ್ನೂ ಸೀದ ವಾಸನೆ ಇರಲಿಲ್ಲ.

ಕೊನೆಗೆ ದೇವರ ಹತ್ತಿರ ಹೂ ಕೇಳುವಂತೆ ಅಪ್ಪನನ್ನೇ ಕೇಳುವುದೆಂದಾಯಿತು. ಸಾವಕಾರರ ತಾಯಿಯೂ ಬಂದರು. ಸ್ಟೀರಿಂಗ್ ಮುಂದೆ ಅಪ್ಪನ ಫೋಟೋ ಇಟ್ಟು ಚೆಂಡುಹೂ ಏರಿಸಿದರು. ಬಲಕ್ಕೆ ಬಿದ್ದರೆ ಒಪ್ಪಿಗೆ. ಗಾಡಿ ಕದಲಿದರೆ ಹೂ ಬೀಳಲೆಂದು ನಾನು ಗೇರ್ ಹಾಕಿ ಬ್ರೇಕ್ ಬಿಟ್ಟೆ. ಕಾರು ಅಲುಗಲಿಲ್ಲ. ಕೆಲವು ಕ್ಷಣ ಹಾಗೇ ನಿಂತಿತ್ತು. ಒಮ್ಮೆಲೇ ಧಡ್ ಎಂದು ಜಿಗಿಯಿತು. ಹೂ ಬಲಕ್ಕೆ ಬಿತ್ತು.

ಸಾವಕಾರರು ಕೈಮುಗಿದರು. "ಬದುಕಿದ್ದಾಗ್ನೂ ಹಿಂಗ. ಭಾಳ ಹೊತ್ತು ಸುಮ್ಮನ ಕುಂತು, ಆಮ್ಯಾಗ ಮ್ಯಾಲ ಬಿದ್ದಂಗ ಹೂಂ ಅಂತಿದ್ರು."

ಹಿಂದಿನ ಸೀಟು

ಹೊಸ ಎಣ್ಣೆ ಹಾಕಿ ಮತ್ತೆ ಹೊರಟೆವು. ಸಾವಕಾರರು ನನ್ನ ಪಕ್ಕ, ಅವರ ತಾಯಿ ಹಿಂದೆ ಒಬ್ಬರೇ. ಕಲ್ಲೂರು ದಾಟಿತು. ನಡುಕವಿಲ್ಲ, ಕೆಮ್ಮಿಲ್ಲ. ಆ ನಿಶ್ಶಬ್ದವೇ ಮೈಮೇಲೆ ಮುಳ್ಳೆಬ್ಬಿಸಿತು.

"ಅಪ್ಪಾರು ಹ್ವಾದ್ರು, ಯವ್ವಾ" ಎಂದು ಸಾವಕಾರರು ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು. ಅವರ ಪಾಲಿಗೆ ಉಳಿದಿದ್ದ ಒಂದು ಕೆಮ್ಮನ್ನೂ ನಾನು ಕಿತ್ತುಕೊಂಡಿದ್ದೆ.

ಹಿಂದಿನಿಂದ ಅವ್ವ ನಿರಾಳವಾಗಿ ಅಂದರು: "ಎಲ್ಲಿ ಹೋಗ್ಯಾರ? ಇಲ್ಲೇ ನನ್ನ ಬಾಜೂಕ ಕುಂತಾರ. ಕೆಮ್ಮು ನಿಂತದ, ಅಷ್ಟ."

ಕನ್ನಡಿ ನೋಡುವ ಧೈರ್ಯ ನನಗಾಗಲಿಲ್ಲ.

"ತಮ್ಮಾ," ಅವ್ವ ನನ್ನ ಭುಜ ತಟ್ಟಿದರು, "ಈ ಔಷಧಿ ಮತ್ತ ಯಾವಾಗ ಹಾಕಸ್ಬೇಕಂತ ಕೇಳಾಕತ್ತಾರ ನೋಡು."