ಮುದ್ದೆಯ ಮೇಲೆ ಹೊರಿಸಿದ ಆರೋಪ

ಊಟದ ವಿಷಯದಲ್ಲಿ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವಷ್ಟು ಸುಳ್ಳನ್ನು ಕೋರ್ಟಿನ ಕಟಕಟೆಯಲ್ಲೂ ಹೇಳಲಾರ. ನಾನೋ ಸುಳ್ಳಿನಿಂದ ದೂರ ಇರಬೇಕಾದ ಕಸುಬಿನವನು. ಹೊನ್ನಾಳಿಯಲ್ಲಿ ಹೊಲ, ಮನೆಗಳ ಕ್ರಯಪತ್ರ ಬರೆಯುತ್ತೇನೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದು ನನ್ನ ಪತ್ರದಲ್ಲಿ ಒಂದು ಗೇಣೂ ಆಚೀಚೆ ಆಗುವುದಿಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಭಯ ಬಂದದ್ದು ಮಾತ್ರ ಈಚೆಗೆ. ಬಿಳಿಚೋಡಿನಲ್ಲಿರುವ ನನ್ನ ಅಕ್ಕನ ಗಂಡನಿಗೆ ಇದೇ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ತೆಗೆದರು. ಬ್ಯಾಂಡೇಜ್ ಬದಲಿಸುವಾಗ ನಾನು ಪಕ್ಕದಲ್ಲಿದ್ದೆ. ಭಾವ ಮುಖ ಆಚೆ ತಿರುಗಿಸಿಕೊಂಡು, "ನೀನು ಕರೆಕ್ಟ್ ಮನುಷ್ಯ. ನೋಡಿ ಹೇಳಪ್ಪ, ಉಳಿದ ನಾಲ್ಕೂ ಅದಾವೇನು?" ಎಂದರು. ಎರಡು ಸಲ ಎಣಿಸಿ, "ಅದಾವೆ ಭಾವ" ಎಂದೆ. ಆವತ್ತಿನಿಂದ ಸ್ನಾನ ಮಾಡುವಾಗ ನನ್ನ ಕಾಲ್ಬೆರಳುಗಳನ್ನೂ ಎಣಿಸುತ್ತೇನೆ. ಹತ್ತೇ ಬರುತ್ತವೆ. ಆದರೂ ಎಣಿಸುತ್ತೇನೆ.

ಡಾಕ್ಟರು ಒಂದು ತಿಂಗಳ ಗಡುವು ಕೊಟ್ಟರು. "ಮಾತ್ರೆ ತಪ್ಪಿಸಬೇಡಿ. ಯಾವುದು ಏರಿಸ್ತದೆ ನೋಡ್ಕೊಳ್ಳಿ. ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡೋಣ." ತೋಳಿಗೆ ಅಂಟಿಸಿಕೊಂಡರೆ ಹಗಲಿರುಳೂ ಸಕ್ಕರೆ ತೋರಿಸುವ ಸಾಧನವೊಂದಿದೆಯಂತೆ, ಅದರ ಬೆಲೆ ಕೇಳಿ ತೋಳನ್ನು ಅಂಗಿಯೊಳಗೆ ಎಳೆದುಕೊಂಡೆ. ಮೆಡಿಕಲ್ ಶಾಪಿನವನು ಬೆರಳು ಚುಚ್ಚಿ ನೋಡುವ ಸಣ್ಣ ಮೆಷಿನ್ ಕೊಟ್ಟು ಉಪಾಯ ಹೇಳಿದ: "ಸುಮ್ ಸುಮ್ನೆ ಚುಚ್ಕೊಂಡು ಸ್ಟ್ರಿಪ್ ಹಾಳು ಮಾಡ್ಬ್ಯಾಡ್ರಿ. ಕೈ ತೊಳ್ಕೊಂಡು ಊಟಕ್ಕೆ ಮುಂಚೆ ಒಂದ್ಸಲ, ಊಟ ಶುರು ಮಾಡಿ ಎರಡು ತಾಸಿಗೆ ಒಂದ್ಸಲ. ಒಂದು ಅಡುಗೆ ಮೂರು ದಿನ ನೋಡ್ರಿ, ಆಮೇಲೆ ಇನ್ನೊಂದು. ಎಲ್ಲಾ ಬರ್ದಿಡ್ರಿ." ಬರೆದಿಡಲು ನನಗೆ ಹೇಳಬೇಕೆ?

ಮೊದಲ ಆರೋಪಿ ರಾಗಿಮುದ್ದೆ. "ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ ನನ್ನ ಹೆಂಡತಿ ಗಿರಿಜಾ ಬಡಿಸಿದ ಮುದ್ದೆ ಒಂದು, ತೂಕ ಇನ್ನೂರು ಗ್ರಾಂ, ಪೂರ್ವಕ್ಕೆ ಸೊಪ್ಪಿನ ಸಾರು, ಪಶ್ಚಿಮಕ್ಕೆ ಈರುಳ್ಳಿ" ಎಂದು ಬರೆದೆ. ಊಟಕ್ಕೆ ಮುಂಚೆ ನೂರಿಪ್ಪತ್ತೆಂಟು. ಉಂಡು ಆಫೀಸಿಗೆ ಹೋಗಿ ಮೂರೂ ಐದಕ್ಕೆ ಚುಚ್ಚಿಕೊಂಡರೆ ಇನ್ನೂರಿಪ್ಪತ್ತೊಂದು! ಮೂರು ದಿನವೂ ಹೆಚ್ಚುಕಮ್ಮಿ ಅಷ್ಟೇ. "ಮುದ್ದೆಯೇ ಕಾರಣ" ಎಂದು ಬರೆದು ಕೆಳಗೆ ಸಹಿ ಹಾಕಿದೆ.

"ನಮ್ಮಪ್ಪ ಕಣ್ಣು ಮುಚ್ಚೋತನ ಮುದ್ದೇನೇ ಉಂಡಿದ್ದು. ನಿಮ್ಮ ಮೆಷಿನ್ನಿಗೆ ಏನು ಗೊತ್ತೈತೆ?" ಎಂದಳು ಗಿರಿಜಾ.

ನಾನು ಜಗ್ಗಲಿಲ್ಲ. ಮೂರು ದಿನ ಜೋಳದ ರೊಟ್ಟಿ ತಿಂದೆ: ಇನ್ನೂರ ಹತ್ತೊಂಬತ್ತು. ಮೂರು ದಿನ ನವಣೆ ಅನ್ನ: ಇನ್ನೂರ ಹದಿನೇಳು. ಇನ್ನು ಉಳಿದದ್ದು ನೀರು ಮಾತ್ರ. ಗಡುವಿಗೆ ಹದಿನೈದು ದಿನವಿತ್ತು. ಆ ದಿನಗಳಲ್ಲಿ ಕಾಲ್ಬೆರಳುಗಳನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಎಣಿಸಿದೆ.

ಭಾನುವಾರ ಗಿರಿಜಾ ಹಟಕ್ಕೆ ಬಿದ್ದು ಅದೇ ತೂಕದ ಮುದ್ದೆ ಬಡಿಸಿದಳು. ಎರಡು ತಾಸಿನ ಮೇಲೆ ನೋಡಿದರೆ ನೂರಾ ಅರವತ್ತಾರು. ಮುದ್ದೆಗೂ ಭಾನುವಾರ ರಜೆಯೆ?

"ಆಫೀಸ್ನಾಗೆ ಉಂಡಮೇಲೆ ಏನು ತಿಂತೀರಿ?"

"ಏನೂ ತಿನ್ನಲ್ಲ."

"ಕುಡಿಯಾದು?"

"ಟೀ. ಅದೂ ಬೈಟೂ. ಅರ್ಧ ಟೀ ಟೀನಾ?"

"ಎಷ್ಟು ಅರ್ಧ?"

ಇಲ್ಲಿ ಓದುಗರಿಗೆ ನಮ್ಮ ಕಸುಬಿನ ಪದ್ಧತಿಯೊಂದನ್ನು ಹೇಳಬೇಕು. ಪತ್ರ ರಿಜಿಸ್ಟರ್ ಆದಕೂಡಲೇ ಕೊಂಡವರು ಟೀ ತರಿಸುತ್ತಾರೆ. ಬರೆದವನು ಕುಡಿಯಲೇಬೇಕು. ಬೇಡವೆಂದರೆ ಪತ್ರದಲ್ಲಿ ಏನೋ ಐಬು ಇದೆ ಎಂದೇ ಅರ್ಥ. ಊಟ ಮುಗಿಸಿ ಹೋದಮೇಲೆ ಮೂರರೊಳಗೆ ನಾಲ್ಕು ಪತ್ರವಾದರೆ ನಾಲ್ಕು ಅರ್ಧ. ಮುದ್ದೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದ ನಾನು, ಪಾಕದಂಥ ಎರಡು ಪೂರ್ತಿ ಟೀಯನ್ನು ಪುಸ್ತಕದಲ್ಲಿ ಬರೆದೇ ಇರಲಿಲ್ಲ.

ಸೋಮವಾರ ಎದೆ ಗಟ್ಟಿ ಮಾಡಿಕೊಂಡು ಟೀ ಬೇಡವೆಂದೆ. ಅಡಿಕೆ ತೋಟ ಕೊಂಡಿದ್ದ ನ್ಯಾಮತಿ ಕಡೆಯ ಯಜಮಾನರ ಮುಖ ಬಿಳಿಚಿಕೊಂಡಿತು. "ಯಾಕ್ರೀ ಸ್ವಾಮಿ? ಪತ್ರದಾಗೆ ಏನಾರ ತೊಡಕು ಐತಾ?"

"ತೊಡಕು ನನ್ನ ರಕ್ತದಾಗೆ ಐತೆ ಯಜಮಾನ್ರೆ" ಎಂದರೂ ನಂಬದೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿಸಿದರು. ಕಡೆಗೆ ಸಕ್ಕರೆ ಇಲ್ಲದ ಟೀಗೆ ರಾಜಿಯಾಯಿತು. ಒಂದು ಗುಟುಕು ಕುಡಿದೆ.

"ಹಂಗೆ ಮುಖ ಕಿವುಚಬ್ಯಾಡ್ರಿ, ಶುಭಕಾರ್ಯ ಐತೆ, ನಗಾಡ್ಕೊಂಡು ಕುಡೀರಿ" ಎಂದರು. ನಗುತ್ತಲೇ ಕುಡಿದೆ. ಗಡುವು ಮುಗಿಯುವವರೆಗೂ ಬಂದವರೆಲ್ಲರ ಮುಂದೆ ಹಾಗೆಯೇ ನಗುತ್ತಾ ಕುಡಿದೆ, ಕುಡಿದದ್ದನ್ನೆಲ್ಲ ಪುಸ್ತಕದಲ್ಲೂ ಬರೆದೆ. ಮೂರು ಗಂಟೆಯ ಅಂಕಿ ನೂರಾ ಎಪ್ಪತ್ತರ ಆಸುಪಾಸಿಗೆ ಇಳಿಯಿತು.

ಡಾಕ್ಟರು ಪುಸ್ತಕವನ್ನು ಹಾಳೆ ಹಾಳೆಯಾಗಿ ಓದಿದರು. "ಇನ್ಸುಲಿನ್ ಸದ್ಯಕ್ಕೆ ಬೇಡ, ಇದೇ ಮಾತ್ರೆ ಮುಂದುವರಿಸಿ" ಎಂದಾಗ ಚಪ್ಪಲಿಯೊಳಗೆ ಹತ್ತೂ ಬೆರಳು ಆಡಿಸಿ ನೋಡಿಕೊಂಡೆ. "ಎಷ್ಟು ನೀಟಾಗಿ ಬರ್ದೀರಿ! ಟೀ ಜೊತೆ ಬೇರೇನೂ ಇಲ್ಲ ತಾನೇ?"

"ಏನಿಲ್ಲ ಸಾರ್."

ಹಿಂದಿನ ಕುರ್ಚಿಯಿಂದ ಗಿರಿಜಾ ಕೇಳಿದಳು: "ಏನಿಲ್ಲ ಅಂದ್ರೆ ಎಷ್ಟು, ರೀ?"

ನಾನು ಪುಸ್ತಕ ವಾಪಸ್ ತೆಗೆದುಕೊಂಡು 'ಬಿಸ್ಕತ್ತು ಎರಡು' ಎಂದು ಬರೆದೆ. ಅವಳು ಇನ್ನೂ ನೋಡುತ್ತಲೇ ಇದ್ದಳು. ಎರಡನ್ನು ಹೊಡೆದುಹಾಕಿ ಮೂರು ಮಾಡಿದೆ.