ದೆವ್ವಕ್ಕೆ ನಗು ಕೊಟ್ಟ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಕೋಪ ಬಂದರೆ ಯಾರೂ ಹೆದರುತ್ತಿರಲಿಲ್ಲ, ನಗು ಬಂದರೆ ಹೆದರುತ್ತಿದ್ದರು. ಆ ನಗು ಮೊದಲು ಎಣ್ಣೆ ಕಾಣದ ಬಾವಿ ರಾಟೆಯಂತೆ ಕಿರ್ರೆನ್ನುತ್ತಿತ್ತು. ಆಮೇಲೆ ಏರಿ ಏರಿ ರೈಲಿನ ಸೀಟಿಯಷ್ಟಾಗಿ ಥಟ್ಟನೆ ನಿಲ್ಲುತ್ತಿತ್ತು. ಮುಗಿಯಿತೆಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಎರಡನೇ ಕಂತು ಶುರು! ನಾದಿನಿಯ ಮದುವೆಯಲ್ಲಿ ಪುರೋಹಿತರು ಮಂತ್ರದ ನಡುವೆ ಸೀನಿದ್ದಕ್ಕೆ ದೊಡ್ಡಮ್ಮ ನಕ್ಕು, ಮದುಮಗನ ಕೈಯಿಂದ ತಾಳಿ ಜಾರಿತ್ತಂತೆ. ಅಂದಿನಿಂದ ದೊಡ್ಡಪ್ಪನ ಕಟ್ಟಪ್ಪಣೆ: "ನಾಲ್ಕು ಜನರ ಮುಂದೆ ನಗಬೇಡ ಕಣೆ." ದೊಡ್ಡಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸವಿದ್ದ ಬೋಲ್ಟನ್ನೂ ತಿರಸ್ಕರಿಸುವ ಮನುಷ್ಯ, ಹೆಂಡತಿಯ ನಗುವನ್ನು ಬಿಟ್ಟಾರೆಯೇ?

ಎಪ್ಪತ್ತರ ದಶಕದ ಕೊನೆ. ನಾನು ಕಾಡುಗೋಡಿಯ ಶಾಲೆಗೆ ಮೇಷ್ಟ್ರಾಗಿ ಬಂದು, ವೈಟ್‌ಫೀಲ್ಡಿನ ಅವರ ಮನೆಯಲ್ಲೇ ಉಳಿದಿದ್ದೆ. ಪಕ್ಕದಲ್ಲಿ ದೊರೆಗಳ ಕಾಲದ ಹೆಂಚಿನ ಬಂಗಲೆ, ಖಾಲಿ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಸಿನಿಮಾದವರು ಬಂದಿಳಿದರು. ದೆವ್ವದ ಮನೆಯ ಹಾಸ್ಯಚಿತ್ರ. ಹಗಲನ್ನೇ ರಾತ್ರಿ ಮಾಡಲು ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದರು. ಜೇಡರ ಬಲೆಗೆ ಮಾತ್ರ ಏನೂ ಮಾಡಬೇಕಾಗಲಿಲ್ಲ, ಮೊದಲೇ ಧಾರಾಳವಾಗಿತ್ತು.

ದೊಡ್ಡಮ್ಮ ದಿನವೂ ಅಡುಗೆ ಮುಗಿಸಿ ಬಂಗಲೆಯ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದಳು, ಜೊತೆಗೆ ನಾನೂ. ಮೋಹಿನಿ ದೆವ್ವದ ಪಾತ್ರಕ್ಕೆ ಮೀಸೆ ಬೋಳಿಸಿಕೊಂಡ ಒಬ್ಬ ಗಂಡಸು. ಬಿಳಿ ಸೀರೆ, ಮೊಣಕಾಲುದ್ದದ ವಿಗ್ಗು. ಮೂರನೆಯ ದಿನ ಅವನು ಮೆಟ್ಟಿಲಿಳಿದು ಬರುವಾಗ ವಿಗ್ಗು ಗೋಡೆಯ ಮೊಳೆಗೆ ಸಿಕ್ಕಿಕೊಂಡಿತು. ದೆವ್ವ ಕೆಳಗೆ ಬಂತು, ಕೂದಲು ಮೇಲೆಯೇ ಉಳಿಯಿತು. ದೊಡ್ಡಮ್ಮ ಎಷ್ಟು ತಡೆದರೂ ಆಗಲಿಲ್ಲ. ರಾಟೆ ಕಿರ್ರೆಂದಿತು. ಹೆದರಿದಂತೆ ನಟಿಸಬೇಕಿದ್ದ ಹಾಸ್ಯನಟ ನಿಜವಾಗಿ ಹೆದರಿ ಅಂಗಳಕ್ಕೆ ಓಡಿದ. ಹಿಂದೆಯೇ ದೆವ್ವವೂ ಓಡಿತು.

ನಿರ್ದೇಶಕರು ಮಾತ್ರ ಓಡಲಿಲ್ಲ. ಹಿಂಬಾಗಿಲಿಗೆ ಬಂದು ಕೈಮುಗಿದರು. "ಅಮ್ಮಾ, ನಮ್ ದೆವ್ವಕ್ಕೆ ಇನ್ನೂ ನಗು ಸಿಕ್ಕಿರ್ಲಿಲ್ಲ. ಟೇಪ್ ಹಾಕ್ತೀವಿ, ಇನ್ನೊಂದ್ಸಲ ನಗ್ತೀರಾ?"

ಬೇಕೆಂದಾಗ ಬರಲು ಅದೇನು ಕೆಮ್ಮೇ? ಮೈಕಿನ ಮುಂದೆ ಕೂತ ದೊಡ್ಡಮ್ಮ ಬೆವರಿದಳು. ನಿರ್ದೇಶಕರು ಜೋಕು ಹೇಳಿದರು: ಗಂಡ ಹೆಂಡಿರ ಜಗಳ, ಕೊನೆಗೆ ಗಂಡ ಬಾವಿಗೆ ಬೀಳುತ್ತಾನೆ. ದೊಡ್ಡಮ್ಮ ಗಂಭೀರವಾಗಿ ಕೇಳಿಸಿಕೊಂಡು, "ಅಯ್ಯೋ ಪಾಪ, ಎತ್ತಿದ್ರಾ?" ಎಂದಳು.

ಅಷ್ಟರಲ್ಲಿ ಮೊದಲ ಪಾಳಿ ಮುಗಿಸಿದ ದೊಡ್ಡಪ್ಪ ನಮ್ಮನ್ನು ಹುಡುಕಿಕೊಂಡು ಬಂದುಬಿಟ್ಟರು, ಖಾಕಿಯಲ್ಲೇ. ದೊಡ್ಡಮ್ಮ ಎದ್ದು ನಿಂತಳು. "ಒಂದೇ ಸಲ ಕಣ್ರೀ... ತಡ್ಯೋಕಾಗ್ಲಿಲ್ಲ," ಎಂದಳು. ಕಳ್ಳತನ ಒಪ್ಪಿಕೊಳ್ಳುವವಳ ಧ್ವನಿ. ದೊಡ್ಡಪ್ಪ ಅವಳ ಮುಖವನ್ನೇ ನೋಡುತ್ತ ನಿಂತರು. ನಿರ್ದೇಶಕರು ವಿಷಯ ವಿವರಿಸಿದಾಗ, "ಇವಳ ನಗು ಬೇಕಾ ನಿಮಗೆ?" ಎಂದು ಎರಡು ಸಲ ಕೇಳಿದರು. ಬಳಿಕ ಸೀದಾ ಮೆಟ್ಟಿಲ ಬಳಿ ಹೋಗಿ, ಇನ್ನೂ ಮೊಳೆಯಲ್ಲೇ ನೇತಾಡುತ್ತಿದ್ದ ವಿಗ್ಗನ್ನು ತೆಗೆದು ತಲೆಗೆ ಹಾಕಿಕೊಂಡು, ಎಂದಿನ ಗಂಟು ಮುಖದಲ್ಲೇ, "ಊಟಕ್ಕೇನೇ ಮಾಡಿದೀಯ?" ಎಂದರು.

ಟೇಪು ಮುಗಿದರೂ ದೊಡ್ಡಮ್ಮನ ನಗು ಮುಗಿಯಲಿಲ್ಲ.

ಮರುವರ್ಷ ಕಾಡುಗೋಡಿಯ ಟೆಂಟಿಗೆ ಆ ಸಿನಿಮಾ ಬಂತು. ಮೂವರೂ ಹೋದೆವು. ಪರದೆಯ ಮೇಲೆ ಅವಳ ಹೆಸರೇನೂ ಬರಲಿಲ್ಲ. ನಗು ಬಂತು. ಇಡೀ ಟೆಂಟು ಚೀರಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊಡ್ಡಮ್ಮ ಮಾತ್ರ ತಲೆ ತಗ್ಗಿಸಿ ಕುಗ್ಗಿ ಕೂತಿದ್ದಳು. ಮುಂದಿನ ಬೆಂಚಿನವನು ಪಕ್ಕದವನಿಗೆ, "ಏನ್ ದೆವ್ವ ಗುರು, ಸಕ್ಕತ್ತಾಗೈತೆ," ಎಂದ.

ಅಪರಿಚಿತರೊಂದಿಗೆ ಎಂದೂ ಮಾತಾಡದ ದೊಡ್ಡಪ್ಪ ಮುಂದೆ ಬಗ್ಗಿ ಅವನ ಭುಜ ತಟ್ಟಿದರು.

"ದೆವ್ವ ಅಲ್ಲಪ್ಪ, ನಮ್ಮನೆಯವ್ರು," ಎಂದರು. "ಇಲ್ಲೇ ಕೂತಿದಾರೆ, ನೋಡು."

ದೊಡ್ಡಮ್ಮ ಮೆಲ್ಲಗೆ ತಲೆಯೆತ್ತಿದಳು. ದೊಡ್ಡಪ್ಪನ ತೋಳು ಹಿಡಿದವಳು ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.