ಟೈಲ್ಸಿಗೆ ಕಟ್ಟಿದ ಒಕ್ಕಲು

ಒದ್ದೆ ಸುಣ್ಣದ ವಾಸನೆ ಬಂದರೆ ಯತೀಶನಿಗೆ ಬಸ್ರೂರಿನ ಅಜ್ಜಿಮನೆ ನೆನಪಾಗುತ್ತಿತ್ತು. ಚೌತಿಗೆ ಮುಂಚೆ ಗೋಡೆಗೆ ಸುಣ್ಣ, ಮಕ್ಕಳಿಗೆ ಅಂಗಳದಲ್ಲಿ ಊಟ. ಆ ಬೆಳಿಗ್ಗೆ ತೆಕ್ಕಟ್ಟೆಯಲ್ಲಿ ಸುಂದರಕ್ಕನ ಹೊಸ ಮನೆ ಹೊಕ್ಕಾಗ ಅದೇ ವಾಸನೆ. ಮನಸ್ಸು ಹಗುರಾಗಿ, ಸಿಮೆಂಟು ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ತೆರೆಯಬಾರದಿತ್ತು.

ಅವನು ಕಂಟ್ರಾಕ್ಟರ್ ವೆಂಕಟಣ್ಣನ ಸೂಪರ್‌ವೈಸರ್. ನಾಡಿದ್ದು ಆ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. "ನಾಡಿದ್ದ್ ಒಕ್ಕಲ್ ತಪ್ಪಿರೆ ನೀನ್ ಬೇರೆ ಕೆಲ್ಸ ಕಾಣ್" ಎಂದು ವೆಂಕಟಣ್ಣ ಹೇಳಿಯಾಗಿತ್ತು. ಹಾಗಾಗಿ ಯತೀಶ ಎಲ್ಲ ಕೆಲಸವನ್ನೂ ಕಂಪ್ಯೂಟರಿಗೆ ಹಾಕಿ ಒಂದಕ್ಕೊಂದು ಕೊಂಡಿ ಹಾಕಿದ್ದ. ಒಂದು ಮುಗಿದ ಮೇಲೆ ಇನ್ನೊಂದು ಶುರು ಎಂದಿದ್ದರೆ ಸಾಕಿತ್ತು. ಉತ್ಸಾಹದಲ್ಲಿ ದಿನಗಳ ಲೆಕ್ಕಕ್ಕೂ ಕೊಂಡಿ ಹಾಕಿಬಿಟ್ಟಿದ್ದ: ಟೈಲ್ಸಿನ ಕೆಲಸ ಎಷ್ಟು ದಿನವೋ, ಅದರ ಕೆಳಗಿನದೆಲ್ಲ ಅಷ್ಟೇ ದಿನ. ಏನು ಬದಲಾದರೂ ಎಲ್ಲರ ಮೊಬೈಲಿಗೂ ಸಂದೇಶ.

ಟೈಲ್ಸ್ ಹಾಕುವ ಕುಷ್ಟ ಬಂದ. "ಬಚ್ಚಲ್ ನೀರ್ ದೇವ್ರಕೋಣಿಗೆ ಹೋತಾ ಇತ್ತ್ ಮಾರಾಯ. ಕಿತ್ತ್ ಪುನಃ ಹಾಕ್ಕ್. ಇನ್ನೊಂದ್ ದಿನ ಬೇಕಾತ್ತ್."

ಯತೀಶ ಟೈಲ್ಸಿನ ಒಂದು ದಿನವನ್ನು ಎರಡು ಮಾಡಿದ. ಬಣ್ಣದ ಕೆಲಸವೂ ಎರಡು ದಿನವಾಯಿತು. ಮುಹೂರ್ತ ಜೋಯ್ಸರದ್ದು, ಅದನ್ನು ಸರಿಸಲು ಬಾರದ ಕಂಪ್ಯೂಟರು ಒಕ್ಕಲನ್ನೇ ರಬ್ಬರಿನಂತೆ ಎಳೆದು ಎರಡು ದಿನ ಮಾಡಿತು.

ಸಂದೇಶ ನೋಡಿ ಮೊದಲು ಬಂದವನು ಒಕ್ಕಲಿನ ಅಡುಗೆಯವ ಗುಡ್ಡ. "ಎರಡ್ ದಿನ ಊಟ ಗಡ? ಇದ್ ಸಿಮೆಂಟಲ್ಲ ಮಾರಾಯ, ಸಾಂಬಾರ್. ಹಳ್ಸತ್ತ್."

ಹಿಂದೆಯೇ ಆಚೆಮನೆಯ ಮುತ್ತಣ್ಣ. "ನಮ್ ಬೊಂಬಾಯಿ ಸಾವ್ಕಾರ್ರ್ ಒಕ್ಕಲ್ ಸಹ ಒಂದೇ ದಿನ. ನಿಮ್ದ್ ಎಂತ, ಬಾಗ್ಲ್ ಸಣ್ಣದಾ? ಒಳಗ್ ಹೋಪುಕೇ ಎರಡ್ ದಿನ ಬೇಕಾ?"

ಯತೀಶ ಬೆವರು ಒರೆಸಿಕೊಂಡ. "ಮುತ್ತಣ್ಣ, ಒಕ್ಕಲ್ ತಪ್ಪಿರೆ ನಂಗ್ ಕೆಲ್ಸ ಇಲ್ಲ."

"ಅದನ್ನ್ ಮೊದ್ಲೇ ಹೇಳುಕಾಗ್ದಾ?" ಎಂದ ಕುಷ್ಟ, ಹಚ್ಚಬೇಕೆಂದಿದ್ದ ಬೀಡಿಯನ್ನು ಕಿವಿಗೆ ಸಿಕ್ಕಿಸಿ ಬಚ್ಚಲಿಗೆ ಹೋದ. ಮುತ್ತಣ್ಣ ಬೈಯುತ್ತಲೇ ಪಂಚೆ ಎತ್ತಿಕಟ್ಟಿ ಟೈಲ್ಸ್ ಹೊತ್ತ. ಗುಡ್ಡ ಸಿಮೆಂಟು ಕಲಸಿದ. ರುಚಿ ನೋಡಲಿಲ್ಲ ಅಷ್ಟೆ. ಸುಂದರಕ್ಕ ಎಲ್ಲರಿಗೂ ಚಾ ಕೊಟ್ಟಳು, ಕೊಳೆ ಕೈಯವರಿಗೆ ಲೋಟ ಹಿಡಿದು ಕುಡಿಸಿದಳು.

ಸಂಜೆಯೊಳಗೆ ಬಚ್ಚಲ ನೀರು ದೇವರ ದಾರಿ ಬಿಟ್ಟಿತು. ಯತೀಶ ಜಾಣನಾಗಿ ಮೊದಲು ಒಕ್ಕಲಿನ ಕೊಂಡಿ ಬಿಚ್ಚಿ ಅದನ್ನು ಒಂದೇ ದಿನಕ್ಕೆ ತಂದ. ಬಣ್ಣದ್ದೂ ಬಿಚ್ಚಿದ. ಆಮೇಲೆ ಟೈಲ್ಸ್ ಇವತ್ತೇ ಮುಗಿಯಿತು ಎಂದು ಒತ್ತಿದ.

ಅರ್ಧ ಗಂಟೆಯಲ್ಲಿ ವೆಂಕಟಣ್ಣನ ಫೋನು. "ಭೇಷ್ ಯತೀಶ. ಒಕ್ಕಲ್ ತಪ್ಲಿಲ್ಲ. ಬೀಗ ಸುಂದರಕ್ಕನ ಕೈಯಂಗ್ ಕೊಟ್ಟ್ ಹೋಯ್ಕ್."

"ನಾಳೆ ಯಾವ್ ಸೈಟಿಗೆ ಬಪ್ಪುದ್ ವೆಂಕಟಣ್ಣ?"

"ನಾಳೆ ಎಂತಕ್ಕೆ? ಸೂಪರ್‌ವೈಸರ್ ಕೆಲ್ಸ ಇವತ್ತಿಗೇ ಮುಗಿತ್ ಅಂದ್ ಈಗ ನನ್ ಮೊಬೈಲಿಗ್ ಬಂತಲೆ. ನೀನೇ ಕಳ್ಸದ್ ಅಲ್ದಾ? ನಾನ್ ಆಗ್ಳೇ ಬೇರೆಯವ್ರಿಗ್ ಬಪ್ಪುಕ್ ಹೇಳಿ ಆಯ್ತ್."

ಯತೀಶ ಪರದೆಯ ಬುಡದ ಸಾಲು ನೋಡಿದ. ತನ್ನ ಹೆಸರೇ. ಅದಕ್ಕೂ ಟೈಲ್ಸಿಗೇ ಕೊಂಡಿ, ಬಿಚ್ಚಲು ಮರೆತದ್ದು. ಏನನ್ನೂ ಬಿಡಬಾರದೆಂದು ತಾನೇ ಹಾಕಿದ್ದು.

ಮುತ್ತಣ್ಣ ಎತ್ತಿಕಟ್ಟಿದ್ದ ಪಂಚೆ ಇಳಿಸಿದ. ಸುಂದರಕ್ಕ ಒಳಗಿಂದ ಬಂದು ಲ್ಯಾಪ್‌ಟಾಪನ್ನು ಮೆಲ್ಲನೆ ಪಕ್ಕಕ್ಕಿಟ್ಟಳು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಬಡಿಸಿದ ಬಟ್ಟಲನ್ನು ಅವನ ಕೈಗೆ ಕೊಟ್ಟಳು.